ಕಂಬಳಿಯೊಳಗಿನ ಗುಂಡುಕಲ್ಲು

ಚಾಮಯ್ಯ ಕಂಬಳಿಯ ಅಂಚು ಸರಿಸಿ ಮಗುವಿನ ಹಣೆ ಮುಟ್ಟಿದ. ಹಣೆ ತಣ್ಣಗಿತ್ತು. ಮಲಗಿದ ಮಗುವಿನ ಹಣೆ ಇಷ್ಟು ತಣ್ಣಗಿರಬಾರದು. ಕಂಬಳಿಯನ್ನು ಪೂರ್ತಿ ಎಳೆದ. ಒಳಗಿದ್ದದ್ದು ಒರಳಿನ ಗುಂಡುಕಲ್ಲು. ಅದಕ್ಕೆ ಹರಕು ಅಂಗಿಯೊಂದನ್ನು ಸುತ್ತಿ, ತುದಿಗೆ ಕುಲಾವಿ ಕಟ್ಟಿ, ಚಾಪೆಯ ಮೇಲೆ ಅಚ್ಚುಕಟ್ಟಾಗಿ ಮಲಗಿಸಿದ್ದರು.

ಒಲೆಯ ಮುಂದೆ ಕೂತಿದ್ದ ಚೆಲುವಮ್ಮ ತಿರುಗಿ ನೋಡಲಿಲ್ಲ. ಒಲೆ ಧಗಧಗನೆ ಉರಿಯುತ್ತಿದ್ದರೂ ಊದುಕೊಳವೆ ಹಿಡಿದು ಊದುತ್ತಲೇ ಇದ್ದಳು.

"ಮಗ ಎಲ್ಲವ್ವಾ?" ಎಂದ ಚಾಮಯ್ಯ.

"ಅಜ್ಜಿ ಮನೆಗೋಗದೆ."

"ಈ ಕಲ್ಲು?"

"ಮಕ್ಕಳಾಟ ಕಣಣ್ಣ. ಬುಡಿ."

ಕುಲಾವಿಯ ದಾರಕ್ಕೆ ಬಿದ್ದಿದ್ದ ಗಂಟು ಮಕ್ಕಳ ಕೈಯ ಗಂಟಾಗಿರಲಿಲ್ಲ. ಚಾಮಯ್ಯ ಅದನ್ನು ಕಂಡರೂ ಜ್ವರದ ಪುಸ್ತಕ ತೆಗೆದು ಆ ಮನೆಯ ನಂಬರಿನ ಮುಂದೆ ಸೊನ್ನೆ ಬರೆದ. ಹೊರಗೆ ಬಂದು ಬಾಗಿಲ ಪಕ್ಕದ ಗೋಡೆಯ ಮೇಲೆ ತಾನು ಬಂದ ತಾರೀಕು ಗುರುತು ಹಾಕಿದ. ಆ ಗೋಡೆಯ ಮೇಲೆ ಅವನದೇ ಕೈಬರಹದ ನಾಲ್ಕು ತಾರೀಕುಗಳು ಒಂದರ ಕೆಳಗೊಂದು ಆಗಲೇ ಇದ್ದವು. ಇದು ಐದನೆಯದು.

ಮಲೇರಿಯಾ ಇಲಾಖೆ ಅವನಿಗೆ ಕೊಟ್ಟಿದ್ದ ಕೆಲಸ ಹೇಳಿಕೊಳ್ಳುವುದಕ್ಕೆ ಸುಲಭ. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಬೇಕು, ಯಾವ ಮಗುವಿಗೆ ಜ್ವರ ಎಂದು ಕೇಳಬೇಕು, ಇದ್ದರೆ ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡು, ಗುಳಿಗೆ ಕೊಟ್ಟು, ಹೆಸರು ಬರೆದುಕೊಂಡು ಬರಬೇಕು. ಹುಣಸೂರು ತಾಲ್ಲೂಕಿನ ಹನ್ನೆರಡು ಹಳ್ಳಿಗಳಲ್ಲಿ ಅವನನ್ನು ಸೊಳ್ಳೆ ಚಾಮಯ್ಯ ಎಂದು ಕರೆಯುತ್ತಿದ್ದರು. ಅದಕ್ಕೆ ಅವನೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಬೇಜಾರಿದ್ದದ್ದು ಈ ಹೊಳೆಮಾಳದ ಸೊನ್ನೆಗಳ ಬಗ್ಗೆ. ಕಟ್ಟೆಮಳಲವಾಡಿಯ ಆಚೆ, ಕಾಲುವೆಯ ದಂಡೆಯಲ್ಲಿ ನಲವತ್ತೊಂದು ಮನೆಗಳ ಊರು ಅದು. ಸುತ್ತ ಗದ್ದೆ, ಗದ್ದೆಯಲ್ಲಿ ನಿಂತ ನೀರು. ಬೀದಿಯಲ್ಲಿ ಆಡುವ ಮಕ್ಕಳ ಹೊಟ್ಟೆ ಎಡಗಡೆಗೆ ಉಬ್ಬಿಕೊಂಡು, ಜ್ವರಗೆಡ್ಡೆ ಕಣ್ಣಿಗೇ ಕಾಣುತ್ತಿತ್ತು. ಆದರೆ ಯಾವ ಮನೆಗೆ ಹೋದರೂ ಜ್ವರವೊಂದು ಬಿಟ್ಟು ಮಿಕ್ಕೆಲ್ಲ ಸಿಗುತ್ತಿತ್ತು. ಕಾಣದ ಮಕ್ಕಳೆಲ್ಲ ಅಜ್ಜಿಯ ಮನೆಗೆ ಹೋಗಿರುತ್ತಿದ್ದರು. ಇಷ್ಟೊಂದು ಮಕ್ಕಳಿಗೆ ಮುದ್ದೆ ಬೇಯಿಸಿ ಹಾಕುವ ಅಜ್ಜಿಯರು ಯಾವ ಸೀಮೆಯಲ್ಲಿದ್ದಾರೋ ಎಂದು ಅವನಿಗೆ ಸೋಜಿಗವಾಗುತ್ತಿತ್ತು.

ಹುಣಸೂರಿನ ಆಫೀಸಿನಲ್ಲಿ ಇನ್ಸ್‌ಪೆಕ್ಟರ್ ನೀಲಕಂಠಸ್ವಾಮಿಯವರು ಹೋದ ವಾರವೇ ಹೇಳಿಬಿಟ್ಟಿದ್ದರು. ಐವತ್ತೆಂಟನೇ ಇಸವಿಯ ಮುಂಗಾರಿಗೆ ಬಂದಿರುವ ಡಿಡಿಟಿ, ಮನೆಗಳಿಗೆ ಹೊಡೆಯುವ ಸೊಳ್ಳೆಪುಡಿ, ಕೇಳಿದ್ದರಲ್ಲಿ ಅರ್ಧ ಮಾತ್ರ. ಜ್ವರ ಇರುವ ಊರಿಗೆ ಪುಡಿ, ಇಲ್ಲದ ಊರಿಗೆ ಇಲ್ಲ. ಹೊಟ್ಟೆಯ ಗೆಡ್ಡೆ ಹಳೆಯ ಜ್ವರದ್ದೂ ಇರಬಹುದು, ತಮಗೆ ಈ ವರ್ಷದ ಜ್ವರ ಬೇಕು, ಗಾಜಿನ ಮೇಲೆ ಬೇಕು. ಈ ಸಲವೂ ಸೊನ್ನೆಯೇ ಬಂದರೆ ಹೊಳೆಮಾಳವನ್ನು ಪಟ್ಟಿಯಿಂದ ತೆಗೆಯುವುದು, ಶನಿವಾರ ಪಟ್ಟಿ ಮೈಸೂರಿಗೆ ಹೋಗುವುದು. ಅವರು ಕೆಟ್ಟವರಲ್ಲ. ಪುಡಿಯೇ ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು?

ಅಂದು ಗುರುವಾರ. ನಲವತ್ತೊಂದು ಮನೆ ಮುಗಿದು ನಲವತ್ತೊಂದು ಸೊನ್ನೆಯಾಗಿತ್ತು. ಮಳೆ ಹಿಡಿದ ಮೇಲೆ ಈ ಮಕ್ಕಳಲ್ಲಿ ಎಷ್ಟು ಉಳಿಯುತ್ತವೋ, ಉಳಿಯದವುಗಳ ಲೆಕ್ಕವನ್ನು ತನ್ನ ಕೈಯೇ ಸೊನ್ನೆ ಬರೆದು ಮುಚ್ಚಿಹಾಕಿದಂತಾಯಿತಲ್ಲ ಎಂದುಕೊಂಡ ಚಾಮಯ್ಯ. ಸೈಕಲ್ಲನ್ನು ಹೊಂಗೆಮರಕ್ಕೆ ಒರಗಿಸಿ ಕಾಲುವೆಯ ಏರಿಯ ಮೇಲೆ ಕೂತ. ಕೂತರೂ ಅಂಗೈಯಲ್ಲಿ ಆ ಕಲ್ಲಿನ ತಣುಪು ಹೋಗಿರಲಿಲ್ಲ. ಆ ತಣುಪೇ ಅವನಿಗೆ ಏನನ್ನೋ ನೆನಪಿಸಲು ಹವಣಿಸುತ್ತಿತ್ತು.

ಬೆಟ್ಟದಪುರದ ಹತ್ತಿರ ಅವನ ಊರು. ಅವನಿಗಾಗ ಒಂಬತ್ತು ವರ್ಷ, ತಂಗಿಗೆ ಆರು. ದಿನ ಬಿಟ್ಟು ದಿನ ಚಳಿಜ್ವರ ಬರುತ್ತಿತ್ತು. ಜ್ವರದ ಸರದಿಯ ದಿನ ಕೋಳಿ ಕೂಗುವ ಹೊತ್ತಿಗೇ ಅವ್ವ ಇಬ್ಬರನ್ನೂ ಎಬ್ಬಿಸಿ, ಮುಖಕ್ಕೆ ಮಸಿ ಬಳಿದು, ಹಳ್ಳ ದಾಟಿಸಿ, ಪಾಳುಬಿದ್ದ ಗಾಣದ ಮನೆಯಲ್ಲಿ ಬಿಟ್ಟು ಬರುತ್ತಿದ್ದಳು. ಜ್ವರ ಮನೆಗೆ ಹುಡುಕಿಕೊಂಡು ಬರುತ್ತದೆ, ಮಕ್ಕಳು ಸಿಗದೆ ಹಿಂತಿರುಗುತ್ತದೆ ಎಂದು ಅವಳ ನಂಬಿಕೆ. ಅದು ಹರಿಯುವ ನೀರು ದಾಟುವುದಿಲ್ಲ, ಒಲೆ ಹೊತ್ತದ ಸೂರಿನೊಳಗೆ ಇಣುಕುವುದಿಲ್ಲ. ಯಾರು ಹೆಸರು ಹಿಡಿದು ಕೂಗಿದರೂ ಓ ಎನ್ನಬಾರದು. ಚಾಪೆ ಖಾಲಿಯಿದ್ದರೆ ಜ್ವರಕ್ಕೆ ಗುಮಾನಿ ಬರುತ್ತದೆಂದು ಅಲ್ಲಿ ಏನನ್ನೋ ಮಲಗಿಸುತ್ತಿದ್ದಳು. ಇಷ್ಟು ವರ್ಷ ಖಾಕಿ ಹಾಕಿಕೊಂಡು ಜ್ವರ ಹುಡುಕಿದವನಿಗೆ ಇದು ಮರೆತೇ ಹೋಗಿತ್ತು. ಮರೆತದ್ದೋ, ಮರೆಯಬೇಕೆಂದು ಮರೆತದ್ದೋ.

ಚಾಮಯ್ಯ ಎದ್ದು ನಿಂತು ಕಾಲುವೆಯ ಆಚೆಗೆ ನೋಡಿದ. ಆಚೆ ದಡದಲ್ಲಿ ಇದ್ದ ಸೂರು ಒಂದೇ, ಪುಟ್ಟಮಲ್ಲಪ್ಪನವರ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು. ಕಿಟಕಿಯಿಲ್ಲದ ಎತ್ತರದ ಮಣ್ಣುಗೋಡೆ, ಒಂದೇ ಬಾಗಿಲು. ಸೊಪ್ಪು ಬರುವುದಕ್ಕೆ ಇನ್ನೂ ಮೂರು ತಿಂಗಳಿತ್ತು. ಅಲ್ಲಿಯವರೆಗೆ ಅದಕ್ಕೆ ಬೆಂಕಿ ಇಲ್ಲ, ಬೀಗವೂ ಇಲ್ಲ.

ಕಾಲುವೆ ದಾಟಿ ಹೋಗಿ ಅದರ ಬಾಗಿಲು ತಳ್ಳಿದಾಗ ಮೊದಲು ಅವನ ಮುಖಕ್ಕೆ ಬಡಿದದ್ದು ಸೊಳ್ಳೆ. ಗೋಡೆಯ ತುಂಬ ಕೂತಿದ್ದವು ಬೆಳಕು ಬಿದ್ದೊಡನೆ ಗುಂಯ್ಯೆಂದು ಎದ್ದವು. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ನೆಲದ ಮೇಲೆ ಸಾಲಾಗಿ ಮಲಗಿದ ಮಕ್ಕಳು ಕಂಡರು. ಒಂದು ಗೋಣಿಯ ಕೆಳಗೆ ನಡುಗುತ್ತಿತ್ತು, ಒಂದು ನೀರು ನೀರು ಎಂದು ಕನವರಿಸುತ್ತಿತ್ತು. ಎಲ್ಲರ ಮುಖಕ್ಕೂ ಮಸಿ. ನಡುವೆ ಒದ್ದೆ ಬಟ್ಟೆ ಹಿಡಿದು ಕೂತಿದ್ದ ಮುದುಕಿ ರಾಚಮ್ಮ, ಚೆಲುವಮ್ಮನ ಅತ್ತೆ. ಹೊಳೆಮಾಳದ ಮಕ್ಕಳೆಲ್ಲ ಹೋಗುವ ಅಜ್ಜಿಯ ಮನೆ ಯಾವುದೆಂದು ಚಾಮಯ್ಯನಿಗೆ ಆಗ ತಿಳಿಯಿತು. ಎಣಿಸಿದ. ಹನ್ನೊಂದು.

"ಬಾಗ್ಲಾಕು ಮೊದ್ಲು," ಎಂದಳು ರಾಚಮ್ಮ. ಅವಳ ದನಿಯಲ್ಲಿ ಗಾಬರಿಗಿಂತ ಸಿಟ್ಟಿತ್ತು. "ನಿನ್ನ ಬೆನ್ನಿಗೇ ಅದೂ ಬಂದ್ಬುಟ್ರೆ ಏನ್ಲಾ ಮಾಡದು?"

ಚಾಮಯ್ಯ ಬಾಗಿಲು ಹಾಕಿದ. ಅಡಗಿಸಿಟ್ಟ ಮಕ್ಕಳ ಹತ್ತಿರ ಹೇಗೆ ನಡೆದುಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆರ ಹೊರಗೇ ಬಿಟ್ಟಿದ್ದ. ದನಿ ತಗ್ಗಿಸಿ, ಯಾವ ಮಗುವಿನ ಹೆಸರನ್ನೂ ಕೇಳದೆ, ಒಂದೊಂದು ತೊಟ್ಟು ರಕ್ತ ಮಾತ್ರ ಬೇಕು ಎಂದ. ತಾನೂ ಹೀಗೆ ಅಡಗಿದವನೇ ಎಂದ. ಮುದುಕಿ ಒದ್ದೆ ಬಟ್ಟೆ ಕೆಳಗಿಟ್ಟಳು.

"ಎಸ್ರು ಕೇಳಕಿಲ್ಲ ತಾನೆ?"

"ಕೇಳಕಿಲ್ಲ ಕಣಜ್ಜಿ."

"ಇಲ್ಲಿರೋವೆಲ್ಲ ಗುಂಡ. ಬರ್ಕೊಳಂಗಿದ್ರೆ ಅಂಗೇ ಬರ್ಕೊ. ಇವುಗಳ ಎಸ್ರು ಮನೇಲಿ ಮಲಗ್ಸಿರೋ ಕಲ್ಲಿನ ತಾವ ಅದೆ."

ಹನ್ನೊಂದು ಬೆರಳು ಚುಚ್ಚಿದ, ಹನ್ನೊಂದು ಗಾಜು ಸವರಿದ, ಅರ್ಧ ಗುಳಿಗೆ, ಕಾಲು ಗುಳಿಗೆ ಎಂದು ಅಳೆದು ನುಂಗಿಸಿದ. ಪುಸ್ತಕದಲ್ಲಿ ಗುಂಡ, ಗುಂಡ, ಗುಂಡ ಎಂದು ಹನ್ನೊಂದು ಸಾಲು ಬರೆದು, ಗುರುತಿಗೆ ಇರಲೆಂದು ಪಕ್ಕದಲ್ಲಿ ಕಿವಿಯ ಮುರು, ಸೊಂಟದ ತಾಯಿತ, ಮೊಣಕಾಲಿನ ಗಾಯ ಎಂದು ಸೇರಿಸಿದ. ಹೊರಡುವಾಗ ರಾಚಮ್ಮ ತಾನಾಗಿಯೇ, ಇವತ್ತಿನ ಸರದಿಯವು ಇವು, ನಾಳೆಯ ಸರದಿಯವು ಬೇರೆ ಏಳು ಇವೆ ಎಂದಳು. ಮೂವತ್ತು ವರ್ಷದಿಂದ ಈ ಕೆಲಸ ಅವಳದೇ. ಹಿಂದೆ ದನದ ಕೊಟ್ಟಿಗೆಯಲ್ಲಿ, ಬ್ಯಾರನ್ನು ಕಟ್ಟಿದ ಮೇಲೆ ಇಲ್ಲಿ. ಒಂದು ಮಗು ಎದ್ದು ಹೋದರೆ ಇನ್ನೊಂದು ಬಂದು ಬೀಳುತ್ತದೆ, ಈಚೀಚೆಗೆ ಯಾಕೋ ಬಹಳ ಎಂದಳು.

ಯಾಕೆಂದು ಗೋಡೆಯ ಮೇಲೇ ಬರೆದಿತ್ತು. ಹೋದ ವರ್ಷ ನಲವತ್ತೊಂದು ಮನೆಗೆ ಪುಡಿ ಹೊಡೆದವರು, ಜನ ವಾಸವಿಲ್ಲ ಎಂದು ಈ ಬ್ಯಾರನ್ನಿನ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಊರಿನ ಸೊಳ್ಳೆಯೆಲ್ಲ ಇಲ್ಲಿಗೆ ಬಂದಿತ್ತು, ಊರಿನ ಜ್ವರದ ಮಕ್ಕಳೂ ಇಲ್ಲಿಗೆ ಬರುತ್ತಿದ್ದರು. ಈ ಮಗುವನ್ನು ಕಚ್ಚಿದ ಸೊಳ್ಳೆ ನಾಳೆ ಆ ಮಗುವನ್ನು ಕಚ್ಚುತ್ತಿತ್ತು. ಚಾಮಯ್ಯ ಇದನ್ನು ಮುದುಕಿಗೆ ಹೇಳಲು ಬಾಯಿ ತೆರೆದ. ಅವಳು ಬಗ್ಗಿ ಒಂದು ಮಗುವಿನ ತುಟಿಗೆ ನೀರು ಹಿಂಡುತ್ತಿದ್ದಳು. ಅವನಿಗೆ ಹೇಳಲಾಗಲಿಲ್ಲ.

ಮರುದಿನ ಬೆಳಗ್ಗೆ ನೀಲಕಂಠಸ್ವಾಮಿಯವರು ಪುಸ್ತಕ ತಿರುವಿ ಕನ್ನಡಕ ತೆಗೆದರು. "ಏನಯ್ಯಾ ಇದು? ಹನ್ನೊಂದು ಜನ ಗುಂಡಂದಿರನ್ನ ಎಲ್ಲಿಂದ ಹಿಡ್ಕೊಂಡು ಬಂದೆ?"

ಚಾಮಯ್ಯ ಎಲ್ಲವನ್ನೂ ಹೇಳಿದ. ಅವರು ನಗಲಿಲ್ಲ, ಗದರಲೂ ಇಲ್ಲ. ಆದರೆ ಮೈಸೂರಿನವರು ಏನೆನ್ನುತ್ತಾರೆಂದು ಯೋಚಿಸು ಎಂದರು. ಒಂದೇ ಹುಡುಗನಿಗೆ ಹನ್ನೊಂದು ಸಲ ಚುಚ್ಚಿ ಕಳಿಸಿದ್ದಾರೆ ಎಂದು ಗಾಜನ್ನೇ ಬಿಸಾಡುತ್ತಾರೆ. ಹೆಸರು ಬೇಕು, ತಾಯಿಯೋ ತಂದೆಯೋ ಇದು ನಮ್ಮ ಮಗು ಎಂದು ಒಪ್ಪಬೇಕು, ಮನೆಯ ನಂಬರು ಬೇಕು. ನಾಳೆ ಮಧ್ಯಾಹ್ನದ ಬಸ್ಸಿಗೆ ಗಾಜು ಹೋಗಬೇಕು. ಅಷ್ಟರೊಳಗೆ ತಂದರೆ ಊರು ಪಟ್ಟಿಯಲ್ಲಿ ಇರುತ್ತದೆ. ತರುತ್ತೇನೆ ಸಾರ್ ಎಂದು ಚಾಮಯ್ಯ ಸೈಕಲ್ ಹತ್ತಿದ. ತರುವುದು ಹೇಗೆಂದು ಅವನಿಗೇ ಗೊತ್ತಿರಲಿಲ್ಲ.

ಅವನು ಹೋದಾಗ ಚೆಲುವಮ್ಮ ಸಾರಿಗೆ ಖಾರ ರುಬ್ಬುತ್ತಿದ್ದಳು. ಗುಂಡುಕಲ್ಲು ಅಂಗಿ ಕುಲಾವಿ ಕಳಚಿಕೊಂಡು ಒರಳಿಗೆ ಬಂದಿತ್ತು. ಜ್ವರವಿಲ್ಲದ ದಿನ, ಮಗನೂ ಮನೆಯಲ್ಲೇ ಇದ್ದ. ಮಸಿ ತೊಳೆದ ಮುಖ ಬೂದಿಯಂತೆ ಬಿಳುಚಿತ್ತು, ಎಡಗಿವಿಯಲ್ಲಿ ಹಿತ್ತಾಳೆಯ ಮುರು. ನಾಲ್ಕನೆಯ ಗಾಜು. ಚಾಮಯ್ಯ ಜಗಲಿಯ ಮೇಲೆ ಕೂತು, ನಿನ್ನೆ ಬ್ಯಾರನ್ನಿನಲ್ಲಿ ಈ ಮಗುವಿನ ರಕ್ತ ತೆಗೆದುಕೊಂಡೆ, ಇವನ ಹೆಸರು ಹೇಳಿ ಎಂದ. ಚೆಲುವಮ್ಮ ರುಬ್ಬುತ್ತಲೇ ಇದ್ದಳು.

"ನಮ್ಮತ್ತೆ ಬ್ಯಾಡಾ ಅಂತದೆ," ಎಂದಳು ಕೊನೆಗೆ. "ಎಸ್ರೇಳುದ್ರೆ ಅದ್ಕೆ ದಾರಿ ತೋರ್ಸ್ದಂಗೆ."

ಆಗ ಚಾಮಯ್ಯ, ಹದಿನೇಳು ವರ್ಷ ಯಾರಿಗೂ ಹೇಳದ್ದನ್ನು ಹೇಳಿದ. ಗಾಣದ ಮನೆಯಲ್ಲಿ ಅಡಗಿದ್ದ ಇಬ್ಬರಲ್ಲಿ ತಾನು ಎದ್ದು ಬಂದದ್ದು, ತಂಗಿ ಏಳದೇ ಇದ್ದದ್ದು. ಅಡಗಿದ ಕಡೆಯೇ ಸತ್ತ ಮಗುವಿನ ಹೆಸರೆತ್ತಿದರೆ ಉಳಿದವನನ್ನೂ ಜ್ವರ ಹುಡುಕುತ್ತದೆಂದು ಅವ್ವ ಬಾಯಿ ಹೊಲಿದುಕೊಂಡದ್ದು. ಸಾವು ಬರೆದುಕೊಳ್ಳಲು ಶಾನುಭೋಗರು ಬಂದಾಗ, ನಮಗಿರುವುದು ಒಬ್ಬನೇ ಮಗ, ಹೆಣ್ಣುಮಗು ಇರಲೇ ಇಲ್ಲ ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದ್ದು. ಒಳಗೆ ಕೂತು ಆ ಮಾತನ್ನು ಅವನು ಕೇಳಿಸಿಕೊಂಡಿದ್ದ.

"ಜ್ವರ ಏನೂ ಏಮಾರ್ಲಿಲ್ಲ ಕಣಕ್ಕ," ಎಂದ. "ಏಮಾರಿದ್ದು ಬರ್ಕೊಳಕ್ ಬಂದೋರು. ಈಗ ಐದ್ಸಾರಿ ನಾನು ಏಮಾರಿವ್ನಿ."

"ಏನು ನಿಮ್ ತಂಗಿ ಎಸ್ರು?"

ಚಾಮಯ್ಯ ಬಾಯಿ ತೆರೆದ. ಹೆಸರು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. "ಬರಕಿಲ್ಲ," ಎಂದ. "ನಂಗೂ ಬಾಯಿಗೆ ಬರಕಿಲ್ಲ."

ಚೆಲುವಮ್ಮನ ಕೈ ಒರಳಿನ ಮೇಲೆ ನಿಂತುಬಿಟ್ಟಿತು. ಅವಳು ಅವನನ್ನು ನೋಡಿದಳು, ಬಾಗಿಲಿಗೆ ಒರಗಿ ಕೂತಿದ್ದ ಮಗನನ್ನು ನೋಡಿದಳು. ಖಾರ ಮೆತ್ತಿದ ಕೈಯ ಮುಂಗೈಯಿಂದ ಕಣ್ಣು ಒರೆಸಿಕೊಂಡು ಎದ್ದಳು.

"ನಂಜುಂಡ," ಎಂದಳು. ಬೀದಿಯ ಆ ತುದಿಗೆ ಕೇಳಬೇಕು, ಹಾಗೆ ಹೇಳಿದಳು. "ಬರ್ಕೊಳಣ್ಣ. ನನ್ ಮಗನ ಎಸ್ರು ನಂಜುಂಡ. ಆರೊರ್ಸ. ಈ ಬ್ಯಾಸ್ಗೇಲಿ ನಾಕ್ಸಾರಿ ಮಲಗವ್ನೆ. ನಾಕ್ಸಾರಿ ಅಂತ್ಲೇ ಬರೀರಿ."

ಅಷ್ಟು ಹೇಳಿ ಅವಳು ಖಾರವನ್ನು ಒರಳಲ್ಲೇ ಬಿಟ್ಟು ಅವನ ಮುಂದೆ ಮುಂದೆ ನಡೆದಳು. ಪಕ್ಕದ ಮನೆಗೆ, ಅದರಾಚೆಯ ಮನೆಗೆ. ಒಂದು ಮನೆಯಲ್ಲಿ ಬೈಸಿಕೊಂಡಳು, ಇನ್ನೊಂದರಲ್ಲಿ ತಾನೇ ಬೈದಳು. ನನ್ನ ಮಗನ ಹೆಸರು ಹೇಳಿಯಾಯಿತು, ಜ್ವರ ಬರುವುದಾದರೆ ಮೊದಲು ನನ್ನ ಬಾಗಿಲಿಗೆ ಬರಲಿ, ನೀವು ಹೇಳಿ ಎಂದಳು. ಒಬ್ಬೊಬ್ಬರಾಗಿ ತಾಯಂದಿರು ಬಾಗಿಲಿಗೆ ಬಂದು ಹೆಸರು ಹೇಳಿದರು. ಹೊತ್ತು ಇಳಿಯುವಷ್ಟರಲ್ಲಿ ಹನ್ನೊಂದು ಗುಂಡಂದಿರ ಮೇಲೆ ಚಾಮಯ್ಯ ಗೆರೆ ಎಳೆದು ಹನ್ನೊಂದು ಹೆಸರು ಬರೆದಿದ್ದ, ಪ್ರತಿ ಹೆಸರಿನ ಮುಂದೆ ಯುಗಾದಿಯಿಂದೀಚೆಗೆ ಎಷ್ಟು ಸಲ ಜ್ವರ ಎಂಬುದನ್ನೂ ಬರೆದಿದ್ದ. ಎರಡು, ಮೂರು, ನಾಲ್ಕು, ಒಂದು ಹೆಣ್ಣುಮಗುವಿಗೆ ಐದು. ತನ್ನದೇ ಸೊನ್ನೆಗಳನ್ನು ಅಳಿಸದೆ ಹಾಗೇ ಬಿಟ್ಟ. ಅವೂ ಗೊತ್ತಿರಲಿ ಎಂದುಕೊಂಡ. ಆಮೇಲೆ ಕಾಲುವೆ ದಾಟಿ ಹೋಗಿ ಆ ದಿನದ ಸರದಿಯ ಏಳು ಮಕ್ಕಳ ಬೆರಳನ್ನೂ ಚುಚ್ಚಿ ಬಂದ. ಅವರ ಹೆಸರುಗಳನ್ನೂ ಚೆಲುವಮ್ಮನೇ ತಾಯಂದಿರ ಬಾಯಿಂದ ಬಿಡಿಸಿಕೊಟ್ಟಳು. ರಾಚಮ್ಮ ಸೊಸೆಯ ಜೊತೆ ಮಾತಾಡಲಿಲ್ಲ.

ಹದಿನೆಂಟು ಗಾಜಿನಲ್ಲಿ ಹದಿನಾಲ್ಕಕ್ಕೆ ಮಲೇರಿಯಾ ಎಂದು ಮೈಸೂರಿನಿಂದ ಕಾಗದ ಬಂತು. ಹೊಳೆಮಾಳ ಪಟ್ಟಿಯಲ್ಲಿ ಉಳಿಯಿತು. ನೀಲಕಂಠಸ್ವಾಮಿಯವರು ತಾವೇ ಬಂದು ಬ್ಯಾರನ್ನಿನ ಬಾಗಿಲ ಮೇಲೆ ನಲವತ್ತೆರಡು ಎಂದು ಮನೆ ನಂಬರು ಬರೆಸಿದರು. ಹೊಗೆಸೊಪ್ಪಿಗೆ ಪುಡಿಯ ವಾಸನೆ ಹಿಡಿದರೆ ಯಾರು ಕೊಳ್ಳುತ್ತಾರೆಂದು ಪುಟ್ಟಮಲ್ಲಪ್ಪನವರು ಗೊಣಗಿದರು. ಆಮೇಲೆ ತಮ್ಮ ಮೊಮ್ಮಗಳೂ ಆ ಪಟ್ಟಿಯಲ್ಲಿ ಏಳನೆಯವಳು ಎಂದು ತಿಳಿದು ಸುಮ್ಮನಾದರು.

ಪುಡಿ ಹೊಡೆಯುವ ದಿನ ಮೋಡ ಕವಿದಿತ್ತು. ಪಂಪು ಹಿಡಿದವರು ಬ್ಯಾರನ್ನಿನೊಳಗೆ ಹೋದರು. ರಾಚಮ್ಮ ತನ್ನ ಗೋಣಿ, ಚಾಪೆ, ಮಸಿಯ ಕುಡಿಕೆಯನ್ನು ಹೊರಗೆ ತಂದು ಕಾಲುವೆಯ ಏರಿಯ ಮೇಲೆ ಕೂತಿದ್ದಳು. ಬಾಗಿಲಿನಿಂದ ಸೊಳ್ಳೆಗಳು ಹೊರಬಿದ್ದು ಹುಲ್ಲಿನ ಮೇಲೆ ಉದುರುತ್ತಿದ್ದವು. ಅವಳು ಅದನ್ನೇ ನೋಡುತ್ತಿದ್ದಳು. ಚಾಮಯ್ಯ ಹೋಗಿ ಅವಳ ಪಕ್ಕದಲ್ಲಿ ಕೂತ. ಅಂದು ಹೇಳಲಾಗದ್ದನ್ನು ಇಂದಾದರೂ ಹೇಳಬೇಕೆಂದು ಬಂದಿದ್ದ, ಆದರೆ ಯಾರೋ ಆಗಲೇ ಹೇಳಿದ್ದರು.

"ನಾನೇ ಒಯ್ದು ಕಚ್ಚುಸ್ದಂಗಾಯ್ತಲ್ಲ ಮಗಾ," ಎಂದಳು.

"ನೀನು ಅವುಗಳ್ನ ಕಾದೆ ಕಣಜ್ಜಿ."

ಅವಳು ಅವನ ಕಂಕುಳಲ್ಲಿದ್ದ ಪುಸ್ತಕದ ಕಡೆ ಕೈ ತೋರಿಸಿ, ಅದರಲ್ಲಿ ಸತ್ತಿರೋವನ್ನೂ ಬರೆಯುತ್ತೀಯಾ ಎಂದು ಕೇಳಿದಳು. ಹಳೆಯವಕ್ಕೆ ಇದರಲ್ಲಿ ಕಾಲಂ ಇಲ್ಲ ಎಂದ ಚಾಮಯ್ಯ.

"ಹಾಳೆ?"

"ಹಾಳೆ ಅದೆ."

"ಅಂಗಾರೆ ಬರ್ಕೊ."

ಚಾಮಯ್ಯ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ ಕೊನೆಯ ಖಾಲಿ ಹಾಳೆ ತೆರೆದ. ರಾಚಮ್ಮ ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು. ಕೆಂಚ, ಮೂರು ವರ್ಷ. ಮಾದೇವಿ, ನಾಲ್ಕು ವರ್ಷ. ಹುಚ್ಚಯ್ಯನ ಅವಳಿ ಮಕ್ಕಳಲ್ಲಿ ದೊಡ್ಡದು, ಸಿದ್ದ. ಮೂವತ್ತು ವರ್ಷ ಯಾರ ಬಾಯಲ್ಲೂ ಬಾರದಿದ್ದ ಹೆಸರುಗಳು ಒಂದೂ ತಡವರಿಸದೆ ಬಂದವು. ಒಂದು ಹೆಸರು ಅವಳ ಸ್ವಂತ ಮಗಳದು. ಅದನ್ನು ಹೇಳುವಾಗ ಮಾತ್ರ ಅವಳ ಕೈ ನೆಲದ ಹುಲ್ಲನ್ನು ಕಿತ್ತಿತು. ಹದಿಮೂರು ಹೆಸರಿಗೆ ಅವಳು ನಿಲ್ಲಿಸಿದಳು. ಅಷ್ಟೇ ಎಂದಳು.

ಚಾಮಯ್ಯ ಪುಸ್ತಕ ಮುಚ್ಚಲಿಲ್ಲ. ಮಳೆಯ ಮೊದಲ ಹನಿ ಹಾಳೆಯ ಅಂಚಿಗೆ ಬಿತ್ತು. ಅವನು ಅದರ ಮೇಲೆ ಬಗ್ಗಿ, ಹದಿಮೂರನೆಯ ಸಾಲಿನ ಕೆಳಗೆ ತಾನೇ ಬಾಯಿ ಬಿಟ್ಟು ಹೇಳಿಕೊಳ್ಳುತ್ತಾ ಬರೆದ.

ಚಿಕ್ಕತಾಯಿ, ಆರು ವರ್ಷ.